ಹೆಣೆದ ಟೋಪಿಯ ಮೇಲೆ ಅಕ್ಷರಗಳು



ಹೆಣೆದ ಟೋಪಿಯ ಮೇಲೆ ಯಂತ್ರದಿಂದ ಹೆಸರನ್ನು ಕಸೂತಿ ಹಾಕುವುದೂ ಒಂದು ಭಾಷಣಕ್ಕೆ ತಕ್ಕ ವಿಷಯವೇ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಚಳಿಗಾಲದ ಬೆಳಗಿನ ಹೊತ್ತು ಬೆಂಗಳೂರಿನ ಉದ್ಯಾನಗಳಲ್ಲಿ ನಡೆದಾಡುವವರ ತಲೆಯ ಕಡೆಗೆ ಒಮ್ಮೆ ದೃಷ್ಟಿ ಹಾಯಿಸಿದರೆ ಈ ಸಂದೇಹವು ನಿವಾರಣೆಯಾದೀತು. ಟೋಪಿಯ ಮಡಿಕೆಯ ಮೇಲೆ ಒಂದು ವಿದ್ಯಾಶಾಲೆಯ ಹೆಸರೋ, ಆಟದ ತಂಡದ ಹೆಸರೋ, ಧರಿಸಿದವರ ಹೆಸರೋ ಕಾಣುತ್ತದೆ. ಇವುಗಳಲ್ಲಿ ಕೆಲವು ಅಚ್ಚುಹಾಕಿದಂತೆ ಸ್ಫುಟವಾಗಿರುತ್ತವೆ. ಉಳಿದವುಗಳಲ್ಲಿ ಅಕ್ಷರಗಳು ಉಣ್ಣೆಯೊಳಗೆ ಅರ್ಧ ಮುಳುಗಿ, ಒಂದಕ್ಕೊಂದು ಒರಗಿ, ಸುತ್ತಣ ಬಟ್ಟೆಯನ್ನು ಸುಕ್ಕುಗಟ್ಟಿಸಿ, ಇದೇನು ಬರೆದಿದೆ ಎಂದು ನೋಡುವವರು ನಿಂತು ಯೋಚಿಸುವಂತೆ ಮಾಡುತ್ತವೆ. ಯಂತ್ರವು ಅದೇ, ನೂಲು ಅದೇ, ಕೆಲಸಗಾರನೂ ಅವನೇ. ಅಂಗಿಯ ಜೇಬಿನ ಮೇಲೆ ಅಂದವಾಗಿ ಬಂದ ಹೆಸರು ಟೋಪಿಯ ಮೇಲೆ ಕೆಡುವುದೇಕೆ? ಈ ಒಂದು ಪ್ರಶ್ನೆಗೆ ನಾವು ಈ ದಿನ ಉತ್ತರವನ್ನು ಹುಡುಕೋಣ.

ಹೆಣಿಗೆಯೂ ಯಂತ್ರದ ಕಸೂತಿಯೂ ಬೇರೆ ಬೇರೆ ಮನೆಗಳಲ್ಲಿ ಬೆಳೆದ ಕಲೆಗಳೆಂಬುದನ್ನು ಮೊದಲು ನೆನೆಯಬೇಕು. ಹೆಣೆದ ಟೋಪಿಯು ಬಹಳ ಹಳೆಯದು. ೧೫೭೧ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು, ಶ್ರೀಮಂತರೇ ಮೊದಲಾದ ಕೆಲವರನ್ನು ಬಿಟ್ಟು ಆರು ವರ್ಷಕ್ಕೆ ಮೇಲ್ಪಟ್ಟವರೆಲ್ಲರೂ ಭಾನುವಾರಗಳಲ್ಲಿಯೂ ಹಬ್ಬದ ದಿನಗಳಲ್ಲಿಯೂ ಉಣ್ಣೆಯಿಂದ ಹೆಣೆದ ಟೋಪಿಯನ್ನೇ ಧರಿಸತಕ್ಕದ್ದೆಂದು ಶಾಸನ ಮಾಡಿತು. ಟೋಪಿ ಹೆಣೆಯುವವರ ಜೀವನೋಪಾಯವನ್ನು ಕಾಪಾಡುವುದಕ್ಕಾಗಿ ಹುಟ್ಟಿದ ಈ ಶಾಸನವು ೧೫೯೭ರಲ್ಲಿ ರದ್ದಾಯಿತು. ಆ ಕಾಲದ ಟೋಪಿಯನ್ನು ಹೆಣೆದಮೇಲೆ ನೀರಿನಲ್ಲಿ ಮರ್ದಿಸಿ ದಪ್ಪಮಾಡುತ್ತಿದ್ದುದರಿಂದ ಅದು ಇಂದಿನದರಂತೆ ಹಿಗ್ಗುತ್ತಿರಲಿಲ್ಲ. ೧೫೮೯ರಲ್ಲಿ ವಿಲಿಯಂ ಲೀ ಎಂಬಾತನು ಕಾಲುಚೀಲ ಹೆಣೆಯುವ ಯಂತ್ರವನ್ನು ನಿರ್ಮಿಸಿದಂದಿನಿಂದ ಹೆಣಿಗೆಯು ಕ್ರಮವಾಗಿ ಯಂತ್ರದ ವಶವಾಯಿತು.

ಕಸೂತಿಯ ಯಂತ್ರವಾದರೋ ಬಹಳ ತಡವಾಗಿ ಬಂತು. ಫ್ರಾನ್ಸಿನ ಮುಲೂಸ್ ಪಟ್ಟಣದ ಜೋಸುಯೆ ಹೈಲ್‌ಮನ್ ಎಂಬವನು ೧೮೨೮ರ ಸುಮಾರಿಗೆ ಅನೇಕ ಸೂಜಿಗಳನ್ನು ಒಮ್ಮೆಗೇ ನಡೆಸುವ ಯಂತ್ರವನ್ನು ಕಲ್ಪಿಸಿದನು. ೧೮೬೩ರಲ್ಲಿ ಸ್ವಿಟ್ಸರ್ಲೆಂಡಿನ ಇಸಾಕ್ ಗ್ರೋಬ್ಲಿ ಎಂಬವನು ಲಾಳಿಯುಳ್ಳ ಕಸೂತಿಯ ಯಂತ್ರವನ್ನು ರಚಿಸಿದನು. ಈ ಯಂತ್ರಗಳಲ್ಲಿ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ತಮಟೆಯ ಚರ್ಮದಂತೆ ಎಳೆದು ನಿಲ್ಲಿಸಿ ಕೆಲಸ ಮಾಡುವುದೇ ಪದ್ಧತಿಯಾಗಿತ್ತು. ಈಚಿನ ದಶಕಗಳಲ್ಲಿ ಗಣಕಯಂತ್ರವು ಅಕ್ಷರದ ಒಂದೊಂದು ಹೊಲಿಗೆಯ ಸ್ಥಾನವನ್ನೂ ಸೂಜಿಗೆ ತಿಳಿಸತೊಡಗಿದೆ. ಆದರೂ ಬಟ್ಟೆಯನ್ನು ಬಿಗಿದು ನಿಲ್ಲಿಸುವ ಪದ್ಧತಿಯು ಹಾಗೆಯೇ ಉಳಿದಿದೆ. ನೆಯ್ದ ಬಟ್ಟೆಗಾಗಿ ಹುಟ್ಟಿದ ಈ ಯಂತ್ರದ ಮುಂದೆ ಹೆಣೆದ ಟೋಪಿಯನ್ನು ಇಡುವಾಗ ನಾವು ಈ ಭೇದವನ್ನು ಮರೆಯಕೂಡದು.

ನೇಯ್ಗೆಗೂ ಹೆಣಿಗೆಗೂ ಇರುವ ಭೇದವೇನು? ನಮ್ಮ ಧಾರವಾಡದ ಕಡೆಯ ಕಸೂತಿಯನ್ನು ಬಲ್ಲ ಹೆಣ್ಣುಮಕ್ಕಳಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಅವರು ಇಳಕಲ್ಲಿನ ಸೀರೆಯ ಮೇಲೆ ಗೋಪುರವನ್ನೋ ತೇರನ್ನೋ ಮೂಡಿಸುವಾಗ ಬಟ್ಟೆಯ ಎಳೆಗಳನ್ನು ಎಣಿಸುತ್ತಾರೆ. ಹಾಸುಹೊಕ್ಕಿನ ಎಳೆಗಳು ತಮ್ಮ ಸ್ಥಾನವನ್ನು ಬಿಟ್ಟು ಕದಲುವುದಿಲ್ಲವೆಂಬ ಭರವಸೆಯಿಂದಲೇ ಆ ಎಣಿಕೆಯು ನಡೆಯುತ್ತದೆ. ಹೆಣಿಗೆಯಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಒಂದೇ ಎಳೆಯು ಕುಣಿಕೆ ಕುಣಿಕೆಯಾಗಿ ಬಾಗಿ, ಒಂದು ಕುಣಿಕೆಯೊಳಗೆ ಮತ್ತೊಂದು ತೂರಿ ಬಟ್ಟೆಯಾಗಿರುತ್ತದೆ. ಎಳೆದರೆ ಕುಣಿಕೆಯು ಅಗಲವಾಗಿ ಗಿಡ್ಡವಾಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಇದೇ ಟೋಪಿಯ ಗುಣ. ವಯಸ್ಕರ ತಲೆಯ ಸುತ್ತಳತೆಯು ಸುಮಾರು ೫೬ ಸೆಂಟಿಮೀಟರು. ಮೇಜಿನ ಮೇಲೆ ಇಟ್ಟ ಟೋಪಿಯ ಸುತ್ತಳತೆಯು ಅನೇಕವೇಳೆ ೪೪ ಸೆಂಟಿಮೀಟರನ್ನು ಮೀರುವುದಿಲ್ಲ. ನಾಲ್ಕರಲ್ಲಿ ಒಂದು ಪಾಲಿನಷ್ಟು ಹಿಗ್ಗಿ ತಲೆಯನ್ನು ಅಪ್ಪಿಕೊಳ್ಳುವುದರಿಂದಲೇ ಅದು ಬೆಚ್ಚಗಿರುತ್ತದೆ, ಗಾಳಿಗೆ ಹಾರುವುದಿಲ್ಲ. ಕಸೂತಿಯ ನೂಲಾದರೋ ಹಿಗ್ಗತಕ್ಕದ್ದಲ್ಲ. ಹಿಗ್ಗದ ನೂಲನ್ನು ಹಿಗ್ಗುವ ಬಟ್ಟೆಗೆ ಕಟ್ಟಿಹಾಕುವುದೇ ನಮ್ಮ ಮುಂದಿರುವ ಕಷ್ಟ.

ಈ ಕಷ್ಟದಿಂದ ಮೂರು ಕೇಡುಗಳು ಹುಟ್ಟುತ್ತವೆ. ಮೊದಲನೆಯದು ಸೆಳೆತ. ಅಕ್ಷರದ ಗೆರೆಯನ್ನು ತುಂಬುವ ಹೊಲಿಗೆಯು ಗೆರೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಡ್ಡಡ್ಡವಾಗಿ ಓಡಾಡುತ್ತದೆ. ಪ್ರತಿಯೊಂದು ಹೊಲಿಗೆಯೂ ಎರಡು ಅಂಚುಗಳನ್ನು ಒಳಕ್ಕೆ ಸೆಳೆಯುತ್ತದೆ. ಆಗ ಗೆರೆಯು ನಾವು ಬರೆದುದಕ್ಕಿಂತ ಸಣ್ಣದಾಗಿ, ತುದಿಗಳಲ್ಲಿ ಸ್ವಲ್ಪ ಉದ್ದವಾಗುತ್ತದೆ. ಎರಡನೆಯದು ಮುಳುಗು. ಉಬ್ಬುತಗ್ಗಿನ ಸಾಲುಗಳಿಂದ ಕೂಡಿದ ಉಣ್ಣೆಯಲ್ಲಿ ಹೊಲಿಗೆಗಳು ತಗ್ಗಿನೊಳಕ್ಕೆ ಇಳಿದು ಮರೆಯಾಗುತ್ತವೆ. ಉಣ್ಣೆಯ ನವಿರು ನೂಲಿನ ನಡುವೆ ಮೇಲೆದ್ದು ನಿಲ್ಲುತ್ತದೆ. ಮೂರನೆಯದು ಹರಿತ. ಮೊನೆಯಾದ ಸೂಜಿಯು ಕುಣಿಕೆಯ ಎಳೆಯನ್ನೇ ಕತ್ತರಿಸಿದರೆ ಅಲ್ಲೊಂದು ತೂತು ಹುಟ್ಟಿ, ಕ್ರಮವಾಗಿ ಕುಣಿಕೆಗಳ ಸಾಲೇ ಕಳಚಿಕೊಳ್ಳುತ್ತದೆ.

ಇವುಗಳನ್ನು ಕಂಡ ಕೆಲಸಗಾರನಿಗೆ ಸಹಜವಾಗಿ ತೋರುವ ಉಪಾಯವೆಂದರೆ ಬಟ್ಟೆಯನ್ನು ಇನ್ನೂ ಬಿಗಿಯಾಗಿ ಎಳೆಯುವುದು, ಹೊಲಿಗೆಯನ್ನು ಇನ್ನೂ ದಟ್ಟವಾಗಿ ಹಾಕುವುದು. ಈ ಎರಡು ಉಪಾಯಗಳೂ ಕೇಡನ್ನು ಹೆಚ್ಚಿಸುತ್ತವೆ. ಎಳೆದು ಬಿಗಿದ ಟೋಪಿಯ ಮೇಲೆ ಹಾಕಿದ ಗುಂಡನೆಯ ಅಕ್ಷರವು ಚೌಕಟ್ಟಿನಲ್ಲಿರುವವರೆಗೆ ಗುಂಡಗೆ ಕಾಣುತ್ತದೆ. ಟೋಪಿಯನ್ನು ಬಿಡಿಸಿದೊಡನೆ ಬಟ್ಟೆಯು ತನ್ನ ಅಳತೆಗೆ ಕುಗ್ಗಿ, ಅಕ್ಷರವು ಮೊಟ್ಟೆಯಾಗುತ್ತದೆ, ಸುತ್ತಲೂ ಅಲೆಗಳೇಳುತ್ತವೆ. ಹೊಲಿಗೆಗಳು ಮಿತಿಮೀರಿ ದಟ್ಟವಾದರೆ ಅಕ್ಷರವು ಹಲಗೆಯಂತೆ ಪೆಡಸಾಗಿ ಹಣೆಗೆ ಒತ್ತುತ್ತದೆ. ಆದಕಾರಣ ಬಲಪ್ರಯೋಗದಿಂದ ಇಲ್ಲಿ ಪ್ರಯೋಜನವಿಲ್ಲ. ಸೂಜಿಯು ಇಳಿಯುವುದಕ್ಕೆ ಮೊದಲು ಬಟ್ಟೆಗೆ ಆಸರೆಯನ್ನು ಕೊಟ್ಟು ಅದನ್ನು ಶಾಂತಗೊಳಿಸಬೇಕು. ಮುಂದೆ ಹೇಳುವ ವಿಧಾನಗಳೆಲ್ಲವೂ ಈ ಒಂದು ತತ್ವದ ವಿವರಣೆಯೇ ಆಗಿವೆ.

ಮೊದಲು ಅಡಿಯ ಆಸರೆ. ಕೆಲಸಗಾರರು ಬ್ಯಾಕಿಂಗು ಎಂದು ಕರೆಯುವ, ನೆಯ್ಯದೆ ಒತ್ತಿ ಮಾಡಿದ ಒಂದು ಬಗೆಯ ಬಟ್ಟೆಯನ್ನು ಕಸೂತಿಯ ಕೆಳಗೆ ಇಡುವುದುಂಟು. ಇದರಲ್ಲಿ ಎರಡು ಜಾತಿ: ಕೆಲಸವಾದಮೇಲೆ ಕಾಗದದಂತೆ ಹರಿದು ತೆಗೆಯುವುದು ಒಂದು, ಅಕ್ಷರದ ಸುತ್ತ ಕತ್ತರಿಸಿ, ಅಕ್ಷರದ ಬೆನ್ನಿಗೆ ಶಾಶ್ವತವಾಗಿ ಉಳಿಸುವುದು ಇನ್ನೊಂದು. ಹೆಣೆದ ಟೋಪಿಗೆ ಎರಡನೆಯದೇ ತಕ್ಕುದು. ಟೋಪಿಯು ಯಂತ್ರದಡಿಯಲ್ಲಿರುವಾಗ ಮಾತ್ರ ಹಿಗ್ಗುವುದಿಲ್ಲ. ಪ್ರತಿದಿನವೂ ತಲೆಗೆ ಏರುವಾಗ, ಪ್ರತಿಸಲವೂ ಒಗೆಯುವಾಗ ಹಿಗ್ಗುತ್ತದೆ. ಹರಿದು ತೆಗೆದ ಆಸರೆಯು ಆಗ ನೆರವಿಗೆ ಬಾರದು. ಚದರ ಮೀಟರಿಗೆ ಸುಮಾರು ೮೫ ಗ್ರಾಂ ತೂಗುವ ಬ್ಯಾಕಿಂಗು ಸಾಮಾನ್ಯವಾಗಿ ಸಾಲುತ್ತದೆ.

ಇದನ್ನು ಹೂಡುವ ಕ್ರಮವೂ ಮುಖ್ಯವಾದುದು. ಫ್ರೇಮಿಗೆ ಬ್ಯಾಕಿಂಗನ್ನು ಮಾತ್ರ ಬಿಗಿದು, ಅದರ ಮೇಲೆ ತೆಳುವಾಗಿ ಅಂಟನ್ನು ಸಿಂಪಡಿಸಿ, ಟೋಪಿಯನ್ನು ಎಳೆಯದೆ ತನ್ನ ಸಹಜಸ್ಥಿತಿಯಲ್ಲಿಯೇ ಅದರ ಮೇಲೆ ಮಲಗಿಸಬೇಕು. ಹೆಣಿಗೆಯ ಸಾಲುಗಳು ಒಂದಕ್ಕೊಂದು ಸಮಾನಾಂತರವಾಗಿ, ಅಕ್ಷರದ ಸಾಲಿಗೆ ನೆಟ್ಟಗೆ ನಿಂತಿವೆಯೇ ಎಂದು ಕಣ್ಣಳತೆಯಿಂದ ನೋಡಿ, ಅಕ್ಷರಗಳು ಬರುವ ಸ್ಥಳದ ಸುತ್ತಲೂ ಸಡಿಲವಾದ ಉದ್ದಹೊಲಿಗೆಯ ಒಂದು ಚೌಕವನ್ನು ಹಾಕಿಸಿ ನಿಲ್ಲಿಸಬೇಕು. ಈ ಹೊಲಿಗೆಯನ್ನು ಕಡೆಯಲ್ಲಿ ಬಿಚ್ಚಿ ತೆಗೆಯುತ್ತಾರೆ.

ಅಡಿಯ ಆಸರೆಯಂತೆಯೇ ಮೇಲಿನ ಹೊದಿಕೆಯೂ ಅವಶ್ಯಕ. ನೀರಿನಲ್ಲಿ ಕರಗತಕ್ಕ ತೆಳುವಾದ ಪಾರದರ್ಶಕ ಹಾಳೆಯೊಂದನ್ನು ಟೋಪಿಯ ಮೇಲೆ ಹಾಸಿ, ಅದರ ಮೇಲೆಯೇ ಹೊಲಿಯಬೇಕು. ಹಾಳೆಯು ನವಿರನ್ನು ಅದುಮಿ ಹಿಡಿಯುವುದರಿಂದ ನೂಲು ತಗ್ಗಿಗೆ ಇಳಿಯದೆ ಮೇಲೆ ನಿಲ್ಲುತ್ತದೆ. ಕೆಲಸವಾದಮೇಲೆ ಸುತ್ತಣ ಹಾಳೆಯನ್ನು ಕೈಯಿಂದ ಕಿತ್ತು, ಅಕ್ಷರಗಳ ನಡುವೆ ಉಳಿದ ಚೂರುಗಳನ್ನು ಒದ್ದೆಬಟ್ಟೆಯಿಂದ ಒರಸಿದರೆ ಕರಗಿಹೋಗುತ್ತದೆ. ಹಾಳೆಯು ಹೀಗೆ ಕರಗಿದಮೇಲೆ ತೀರ ದಪ್ಪವಾದ ಉಣ್ಣೆಯ ನವಿರು ಕಾಲಕ್ರಮದಲ್ಲಿ ಮತ್ತೆ ತಲೆಯೆತ್ತುವುದುಂಟು. ಅದಕ್ಕಾಗಿ ಬಲ್ಲವರು ಅಕ್ಷರಗಳ ಕೆಳಗೆ ಟೋಪಿಯ ಬಣ್ಣದ ನೂಲಿನಿಂದಲೇ ವಿರಳವಾದ ಬಲೆಯಂತಹ ಹೊಲಿಗೆಯನ್ನು ಮೊದಲು ಹಾಕಿಸುತ್ತಾರೆ. ಅದು ಕಣ್ಣಿಗೆ ಕಾಣುವುದಿಲ್ಲ. ನವಿರನ್ನು ಮಾತ್ರ ಶಾಶ್ವತವಾಗಿ ಮಲಗಿಸಿರುತ್ತದೆ.

ಇನ್ನು ಅಕ್ಷರದ ಕಟ್ಟಡ. ಗೋಡೆಗೆ ಗಾರೆ ಬಳಿಯುವುದಕ್ಕೆ ಮೊದಲು ಗೋಡೆ ನಿಂತಿರಬೇಕಷ್ಟೆ. ಹಾಗೆಯೇ ಕಣ್ಣಿಗೆ ಕಾಣುವ ಮೇಲುಹೊಲಿಗೆಗೆ ಮೊದಲು ಗೆರೆಯ ಎರಡು ಅಂಚುಗಳ ಒಳಗಡೆ ಒಂದೊಂದು ಓಟದ ಹೊಲಿಗೆಯನ್ನೂ, ಅವುಗಳ ಮೇಲೆ ಅಂಕುಡೊಂಕಾದ ಇನ್ನೊಂದು ಹೊಲಿಗೆಯನ್ನೂ ಹಾಕಬೇಕು. ಈ ಅಡಿಹೊಲಿಗೆಯು ಟೋಪಿಯನ್ನೂ ಬ್ಯಾಕಿಂಗನ್ನೂ ಒಂದಾಗಿ ಬೆಸೆಯುತ್ತದೆ. ಮೇಲುಹೊಲಿಗೆಗೆ ಏರಿನಿಲ್ಲಲು ಜಗಲಿಯಾಗುತ್ತದೆ. ಇದನ್ನು ಬಿಟ್ಟು ಮೇಲುಹೊಲಿಗೆಯನ್ನೇ ದಟ್ಟಮಾಡುವುದು ಅಡಿಪಾಯವಿಲ್ಲದೆ ಸುಣ್ಣ ಬಳಿದಂತೆಯೇ ಸರಿ. ಅಡಿಹೊಲಿಗೆಯು ಸರಿಯಾಗಿದ್ದರೆ, ಸಾಮಾನ್ಯವಾಗಿ ಬಳಸುವ ೪೦ನೆಯ ನಂಬರಿನ ನೂಲಿಗೆ ಎಳೆಯಿಂದ ಎಳೆಗೆ ೦.೪ ಮಿಲಿಮೀಟರಿನ ಅಂತರವು ಧಾರಾಳವಾಗಿ ಸಾಲುತ್ತದೆ. ಸೆಳೆತದಿಂದ ಗೆರೆಯು ಕಿರಿದಾಗುವುದನ್ನು ಮೊದಲೇ ಎಣಿಸಿ, ನಕ್ಷೆಯಲ್ಲಿಯೇ ೦.೨ರಿಂದ ೦.೪ ಮಿಲಿಮೀಟರಿನಷ್ಟು ಅಗಲವಾಗಿ ಬರೆದುಕೊಳ್ಳಬೇಕು. ಗೆರೆಯ ಅಗಲವು ಎಲ್ಲಿಯೂ ಒಂದು ಮಿಲಿಮೀಟರಿಗೆ ಕಡಮೆಯಾಗಕೂಡದು. ಹೆಸರಿನ ನಡುವಣ ಅಕ್ಷರದಿಂದ ಆರಂಭಿಸಿ ಎರಡು ಕಡೆಗೂ ಹೊಲಿಯುತ್ತ ಹೋದರೆ ಸರಿದ ಬಟ್ಟೆಯು ಹೊರಕ್ಕೆ ಹೋಗುತ್ತದೆ. ಎರಡು ತುದಿಗಳಿಂದ ನಡುವಿಗೆ ಬಂದರೆ ಅದೆಲ್ಲವೂ ನಡುವೆ ಗುಡ್ಡೆಯಾಗಿ ನಿಲ್ಲುತ್ತದೆ.

ಇಲ್ಲಿ ನಮ್ಮ ಕನ್ನಡದ ಲಿಪಿಯನ್ನು ಕುರಿತು ವಿಶೇಷವಾಗಿ ಒಂದೆರಡು ಮಾತು ಹೇಳಬೇಕಾಗಿದೆ. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ನೆಟ್ಟನೆಯ ಗೆರೆಗಳೇ ಹೆಚ್ಚು. ಒಂದು ಸಾಲಿನಲ್ಲಿ ಎಲ್ಲವೂ ಒಂದೇ ಎತ್ತರ. ನಮ್ಮ ಅಕ್ಷರಗಳು ಮುತ್ತಿನಂತೆ ಗುಂಡಾದವು. ಗೆರೆಯು ತಿರುಗುವಲ್ಲಿ ಒಳಬದಿಯಲ್ಲಿ ಹೊಲಿಗೆಗಳು ಒಂದರ ಮೇಲೊಂದು ಇರುಕಿಕೊಳ್ಳುತ್ತವೆ, ಹೊರಬದಿಯಲ್ಲಿ ವಿರಳವಾಗುತ್ತವೆ. ಆದುದರಿಂದ ತಿರುವುಗಳಲ್ಲಿ ಒಳಗಿನ ಹೊಲಿಗೆಗಳಲ್ಲಿ ಕೆಲವನ್ನು ಗಿಡ್ಡಮಾಡಬೇಕು. ಇದಕ್ಕಿಂತ ಮುಖ್ಯವಾದುದು, ಅಕ್ಷರಗಳ ಭೇದವು ಅತಿ ಸಣ್ಣ ಗುರುತುಗಳಲ್ಲಿ ಅಡಗಿರುವುದು. ದಕಾರದ ಕೆಳಗೆ ಚಿಕ್ಕದೊಂದು ಸೀಳು ಬಂದರೆ ಧಕಾರ. ಪಕಾರಕ್ಕೆ ಅದೇ ಸೀಳು ಬಂದರೆ ಫಕಾರ. ಆ ಸೀಳು ಉಣ್ಣೆಯಲ್ಲಿ ಮುಚ್ಚಿಹೋದರೆ ಧನವು ದನವಾಗುವುದಕ್ಕೆ ಎಷ್ಟು ಹೊತ್ತು? ಧನಂಜಯನೆಂಬ ಹುಡುಗನು ತನ್ನ ಟೋಪಿಯನ್ನು ಹಾಕಿಕೊಂಡು ಶಾಲೆಗೆ ಹೋದಾಗ ಜೊತೆಯವರು ಏನೆಂದು ಕರೆದಾರೆಂಬುದನ್ನು ನಾವು ಊಹಿಸಬಲ್ಲೆವು.

ಒತ್ತಕ್ಷರಗಳ ಸಮಸ್ಯೆಯು ಇನ್ನೊಂದು. ಒತ್ತು ಮೂಲಾಕ್ಷರದ ಸುಮಾರು ಅರ್ಧದಷ್ಟಿರುತ್ತದೆ. ಲಕ್ಷ್ಮಿ ಎಂಬ ಹೆಸರಿನಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತುಗಳು. ಕೆಲಸಗಾರನು ದೊಡ್ಡ ಅಕ್ಷರವನ್ನು ನೋಡಿ ಅಳತೆಯನ್ನು ನಿಶ್ಚಯಿಸಿದರೆ ಒತ್ತುಗಳು ನೂಲಿನ ಗಂಟುಗಳಾಗಿಬಿಡುತ್ತವೆ. ಆದಕಾರಣ ಹೆಸರಿನ ಅತ್ಯಂತ ಸಣ್ಣ ಭಾಗವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಒತ್ತು ೭ ಮಿಲಿಮೀಟರಿಗೆ ಕಡಮೆಯಾಗಕೂಡದೆಂದು ಇಟ್ಟುಕೊಂಡರೆ ಮೂಲಾಕ್ಷರವು ೧೪ ಮಿಲಿಮೀಟರಾಗುತ್ತದೆ. ಒಟ್ಟು ಎತ್ತರವು ೨ ಸೆಂಟಿಮೀಟರನ್ನು ಮೀರುತ್ತದೆ. ಟೋಪಿಯ ಮಡಿಕೆಯಲ್ಲಿ ಇದಕ್ಕೆ ಸ್ಥಳವುಂಟು. ಸ್ಥಳವಿಲ್ಲದಿದ್ದರೆ ಹೆಸರನ್ನು ಕುಗ್ಗಿಸುವುದರ ಬದಲು ಮೊದಲ ಅಕ್ಷರವೊಂದನ್ನೇ ದೊಡ್ಡದಾಗಿ ಹಾಕುವುದು ಮೇಲು. ಸಣ್ಣ ಭಾಗಗಳು ಅನಿವಾರ್ಯವಾದಲ್ಲಿ ೬೦ನೆಯ ನಂಬರಿನ ಇನ್ನೂ ನವುರಾದ ನೂಲನ್ನು ಬಳಸಬಹುದು.

ಸೂಜಿಯ ಆಯ್ಕೆಯು ಸಣ್ಣ ವಿಷಯವಾದರೂ ಅದರ ಫಲವು ದೊಡ್ಡದು. ತುದಿಯು ಸ್ವಲ್ಪ ದುಂಡಾಗಿರತಕ್ಕ, ಬಾಲ್ ಪಾಯಿಂಟ್ ಎಂಬ ಸೂಜಿಯು ಎಳೆಯನ್ನು ಚುಚ್ಚದೆ ಪಕ್ಕಕ್ಕೆ ಸರಿಸಿ ಕುಣಿಕೆಗಳ ನಡುವೆ ನುಸುಳುತ್ತದೆ. ೭೫ನೆಯ ನಂಬರಿನದು, ಎಂದರೆ ಮುಕ್ಕಾಲು ಮಿಲಿಮೀಟರು ದಪ್ಪದ್ದು, ಈ ಕೆಲಸಕ್ಕೆ ಯೋಗ್ಯವಾದುದು. ಯಂತ್ರವು ನಿಮಿಷಕ್ಕೆ ಸಾವಿರ ಹೊಲಿಗೆ ಹಾಕಬಲ್ಲುದಾದರೂ ಟೋಪಿಯ ಮೇಲೆ ೬೦೦ ಅಥವಾ ೭೦೦ಕ್ಕೆ ಇಳಿಸುವುದು ಕ್ಷೇಮ. ಅವಸರದಿಂದ ಉಳಿದ ಎರಡು ನಿಮಿಷವು ಕೆಟ್ಟ ಟೋಪಿಯ ಬೆಲೆಗೆ ಸಮವಾಗದು.

ಮಡಿಕೆಯುಳ್ಳ ಟೋಪಿಯಲ್ಲಿ ಮತ್ತೊಂದು ತೊಡಕುಂಟು. ಧರಿಸುವಾಗ ಅಂಚನ್ನು ಮೇಲಕ್ಕೆ ಮಡಿಸುವುದರಿಂದ ಹೊರಗೆ ಕಾಣುವ ಭಾಗವು ವಾಸ್ತವವಾಗಿ ಟೋಪಿಯ ಒಳಮೈ. ಮಡಿಕೆಯನ್ನು ಬಿಡಿಸಿ ಹೊಲಿಯುವಾಗ ಹೆಸರನ್ನು ಒಳಮೈಯ ಮೇಲೆ, ಟೋಪಿಯ ನೆತ್ತಿಗೆ ತಲೆಕೆಳಗಾಗಿ ಹಾಕಬೇಕು. ಮಡಿಸಿದಾಗ ಅದು ನೆಟ್ಟಗಾಗುತ್ತದೆ. ಇದನ್ನು ಗುಂಡುಸೂಜಿಯಿಂದ ಗುರುತುಮಾಡಿಕೊಳ್ಳದೆ ಆರಂಭಿಸತಕ್ಕದ್ದಲ್ಲ. ಸೂಜಿಯ ಕೆಳಗೆ ಟೋಪಿಯ ಹಿಂಬದಿಯು ಸಿಕ್ಕಿಕೊಂಡಿಲ್ಲವೆಂದು ಕೈಹಾಕಿ ನೋಡುವುದೂ ಅಗತ್ಯ. ಸಿಕ್ಕಿಕೊಂಡರೆ ಟೋಪಿಯ ಎರಡು ಪದರಗಳೂ ಒಂದಾಗಿ ಹೊಲಿದುಹೋಗಿ, ಅದು ಯಾರ ತಲೆಗೂ ಏರದು. ಹೆಸರಿನ ಅಗಲವು ೧೦ ಅಥವಾ ೧೧ ಸೆಂಟಿಮೀಟರನ್ನು ಮೀರದಿರುವುದು ಲೇಸು. ಕಸೂತಿ ಬಿದ್ದ ಭಾಗವು ಹಿಗ್ಗುವುದಿಲ್ಲವಾದುದರಿಂದ ಉಳಿದ ಭಾಗವೇ ತಲೆಗೆ ಬೇಕಾದಷ್ಟು ಹಿಗ್ಗಬೇಕಲ್ಲವೆ? ಹೆಸರು ಕಿವಿಯಿಂದ ಕಿವಿಗೆ ಹಬ್ಬಿದರೆ ಟೋಪಿಯು ಬಿಗಿಯಾಗಿ ತಲೆನೋವಿಗೆ ಕಾರಣವಾಗುತ್ತದೆ. ಎಳೆಮಕ್ಕಳ ಕುಲಾವಿಗೆ ಹೆಸರು ಹಾಕಿದಾಗಲಂತೂ ಒಳಗಡೆಯ ನೂಲಿನ ಗಂಟುಗಳೂ ಬ್ಯಾಕಿಂಗಿನ ಅಂಚೂ ಮಗುವಿನ ಹಣೆಗೆ ತಾಗದಂತೆ ಮೆತ್ತನೆಯ ಬಟ್ಟೆಯೊಂದನ್ನು ಹಿಂದೆ ಮುಚ್ಚಬೇಕು.

ಕೆಲಸ ಮುಗಿದಮೇಲೆ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಟೋಪಿಯ ಮೇಲೆ ಒತ್ತಕೂಡದು. ಇಂದಿನ ಟೋಪಿಗಳಲ್ಲಿ ಬಹುಪಾಲು ಅಕ್ರಿಲಿಕ್ ನೂಲಿನವು. ಶಾಖಕ್ಕೆ ಅವು ಚಪ್ಪಟೆಯಾಗಿ, ಹೊಳಪೇರಿ, ಹೆಣಿಗೆಯ ಜೀವವೇ ಹೋಗುತ್ತದೆ. ಕೈಯಿಂದ ನೇವರಿಸಿ ಆರಲು ಬಿಟ್ಟರೆ ಸಾಕು.

ಇಷ್ಟೆಲ್ಲ ಎಚ್ಚರವು ಒಂದು ಟೋಪಿಗೆ ಅತಿಯಾಯಿತೆಂದು ತಾವು ಎನ್ನಬಹುದು. ಆದರೆ ಈ ಕೆಲಸವನ್ನು ಮಾಡತಕ್ಕವರಾರೆಂಬುದನ್ನು ಆಲೋಚಿಸಿ. ನೂರಾರು ಯಂತ್ರಗಳುಳ್ಳ ಕಾರ್ಖಾನೆಗಳೂ ಇದನ್ನು ಮಾಡುತ್ತವೆ. ಮನೆಯ ಮುಂಗೋಣೆಯಲ್ಲಿ ಸಾಲ ತೆಗೆದು ಕೊಂಡ ಒಂದು ಯಂತ್ರವನ್ನು ಇಟ್ಟುಕೊಂಡ ಗೃಹಿಣಿಯೂ ಮಾಡುತ್ತಾಳೆ. ಒಂದು ಶಾಲೆಯವರು ನಲವತ್ತು ಟೋಪಿಗಳನ್ನು ತಾವೇ ತಂದು ಅವಳ ಕೈಗೆ ಕೊಟ್ಟರೆಂದು ಇಟ್ಟುಕೊಳ್ಳೋಣ. ಅಂಗಿಯ ಮೇಲೆ ಹೊಲಿಗೆಯು ಕೆಟ್ಟರೆ ಬಿಚ್ಚಿ ಮತ್ತೆ ಹಾಕಬಹುದು. ಹೆಣಿಗೆಯ ಮೇಲೆ ಬಿಚ್ಚಹೋದರೆ ಕತ್ತರಿಯ ತುದಿಯು ನೂಲನ್ನೂ ಕುಣಿಕೆಯನ್ನೂ ಬೇರೆಬೇರೆಯಾಗಿ ಅರಿಯದು. ನೂಲು ಹೋದ ಕಡೆ ತೂತುಗಳು ಉಳಿಯುತ್ತವೆ. ಟೋಪಿಯು ಹೋಯಿತು, ಅದರ ಬೆಲೆಯನ್ನು ಅವಳೇ ತೆರಬೇಕಾಯಿತು. ನಾಲ್ಕು ಟೋಪಿಗಳು ಹೀಗಾದರೆ ಇಡೀ ದಿನದ ಕೂಲಿಯು ಅದರಲ್ಲಿಯೇ ಕಳೆದುಹೋದೀತು. ಆದುದರಿಂದ ಅದೇ ಬಗೆಯ ಒಂದು ಟೋಪಿಯನ್ನು ಹೆಚ್ಚಾಗಿ ಕೇಳಿ ಪಡೆದು, ಅದರ ಮೇಲೆ ಮೊದಲು ಹೊಲಿದು, ತಲೆಗೆ ಹಾಕಿ ನೋಡಿ, ಒಮ್ಮೆ ಒಗೆದು, ಆಮೇಲೆ ಉಳಿದವುಗಳಿಗೆ ಕೈಹಾಕುವುದೇ ವಿವೇಕ. ಕೆಲಸವನ್ನು ಕೊಡುವವರೂ ಈ ಒಂದು ಟೋಪಿಯನ್ನು ದಂಡವೆಂದೆಣಿಸದೆ ಸಂತೋಷದಿಂದ ಕೊಡಬೇಕು. ಉಳಿದ ನಲವತ್ತಕ್ಕೆ ಅದೇ ರಕ್ಷೆ.

ಯಾರದೇ ಆಗಲಿ, ಹೆಸರನ್ನು ಬರೆಯುವ ಕೆಲಸವು ಒಂದು ಹೊಣೆಯಾಗಿದೆ. ಕಾಗದದ ಮೇಲೆ ಬರೆಯುವವನು ಕಾಗದವು ಕದಲುವುದಿಲ್ಲವೆಂದು ನಂಬಿ ಬರೆಯುತ್ತಾನೆ. ಟೋಪಿಯ ಮೇಲೆ ಬರೆಯುವವರಿಗೆ ಆ ನಂಬಿಕೆಯಿಲ್ಲ. ಅವರ ಬರವಣಿಗೆಯು ಎಳೆದಾಟದಲ್ಲಿಯೂ ಒಗೆತದಲ್ಲಿಯೂ ಬಿಸಿಲಿನಲ್ಲಿಯೂ ಬಾಳಬೇಕು. ಮುಂದೆ ಎಂದಾದರೂ ಅಂಗಡಿಯಲ್ಲಿ ಇಂತಹ ಟೋಪಿಯೊಂದನ್ನು ಕೈಗೆತ್ತಿಕೊಂಡಾಗ, ಮಡಿಕೆಯನ್ನು ಬಿಡಿಸಿ ಅಕ್ಷರದ ಬೆನ್ನನ್ನು ಒಮ್ಮೆ ನೋಡಿ. ಅಲ್ಲಿ ಕತ್ತರಿಸಿದ ಬ್ಯಾಕಿಂಗಿನ ಅಂಚು ನೀಟಾಗಿದ್ದು, ನೂಲಿನ ತುದಿಗಳು ಕಟ್ಟಾಗಿದ್ದರೆ, ಮುಂದಣ ಹೆಸರು ಬಹುಕಾಲ ಹಾಗೆಯೇ ನಿಲ್ಲುವುದೆಂದು ನಂಬಿ ತಾವು ಅದನ್ನು ಕೊಳ್ಳಬಹುದು.